ಪ್ರಾಣೇಶಾಚಾರ್ಯರಿಗೆ ಸ್ವಾಮಿ ಅಪ್ಪನ ಮುಖ

ಡಿಗ್ರಿ ಎರಡನೇ ವರ್ಷದಲ್ಲಿ ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿ ಓದೋಕೆ ಕೂತಾಗ ನನಗೊಂದು ವಿಚಿತ್ರ ಕಾಟ ಶುರುವಾಯ್ತು. ಕಥಾನಾಯಕ ಪ್ರಾಣೇಶಾಚಾರ್ಯರ ಹೆಸರು ಬಂದ ಕೂಡ್ಲೇ ಕಣ್ಮುಂದೆ ಗಿರೀಶ್ ಕಾರ್ನಾಡ್ ಬಂದು ನಿಂತ್ಕೊಳ್ತಿದ್ರು. ಇದ್ರಲ್ಲೇನು ವಿಚಿತ್ರ, ಸಿನಿಮಾದಲ್ಲಿ ಆ ಪಾತ್ರ ಮಾಡಿರೋದು ಅವ್ರೇ ತಾನೇ ಅಂತೀರ. ಆದ್ರೆ ನಾನು ಆಗ ಸಿನಿಮಾ ನೋಡಿರ್ಲಿಲ್ಲ, ಕಾರ್ನಾಡ್ ಮಾಡಿದ್ರು ಅಂತ ಮೇಷ್ಟ್ರು ಕ್ಲಾಸಲ್ಲಿ ಹೇಳಿದ್ದು ಕಿವೀಲಿ ಉಳ್ಕೊಂಡಿತ್ತು ಅಷ್ಟೆ, ನನಗೆ ಗೊತ್ತಿದ್ದ ಕಾರ್ನಾಡ್ ಅಂದ್ರೆ ಟಿವಿಯ ಮಾಲ್ಗುಡಿ ಡೇಸ್‌ನಲ್ಲಿ ಸ್ವಾಮಿ ಅನ್ನೋ ಹುಡುಗನ ಅಪ್ಪ. ರಜಾ ದಿನವೂ ಮಗನ್ನ ಕೂರಿಸಿ ಲೆಕ್ಕ ಮಾಡ್ಸೋ ಅಪ್ಪ. ಈಗ ಯೋಚ್ನೆ ಮಾಡಿ, ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡ್ಬೇಕು ಅಂತ ಧರ್ಮಶಾಸ್ತ್ರ ಹುಡುಕ್ತಿರೋರು ಸ್ವಾಮಿ ಅಪ್ಪ. ಮಾರುತಿ ಗುಡಿಯಲ್ಲಿ ಪ್ರಸಾದ ಕೇಳ್ತಾ ಕೂತಿರೋರು ಸ್ವಾಮಿ ಅಪ್ಪ. ಆಮೇಲೆ ಕತ್ತಲ ಕಾಡಲ್ಲಿ ನಾರಣಪ್ಪ ಇಟ್ಕೊಂಡಿದ್ದ ಚಂದ್ರಿ ಎದುರಾಗ್ತಾಳಲ್ಲ, ಅಲ್ಲೂ ಸ್ವಾಮಿ ಅಪ್ಪನೇ. ನನಗೆ ಎಷ್ಟು ಮುಜುಗರ ಆಯ್ತು ಅಂದ್ರೆ ಪುಸ್ತಕ ಮುಚ್ಚಿಟ್ಟು ಎದ್ದು ನೀರು ಕುಡಿದು ಬಂದೆ, ಮನೆಯಲ್ಲಿ ದೊಡ್ಡೋರನ್ನ ನೋಡಬಾರದ ಹೊತ್ತಲ್ಲಿ ನೋಡಿಬಿಟ್ಟ ಹಾಗೆ.

ಅದು ಕಾಲೇಜು ಲೈಬ್ರರಿ ಪ್ರತಿ. ಆ ಕಾಡಿನ ಪುಟದ ಅಂಚಲ್ಲಿ ನನಗಿಂತ ಮುಂಚೆ ಓದಿದ ಯಾರೋ ಪುಣ್ಯಾತ್ಮ ಪೆನ್ಸಿಲಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದ, 'ಇದು ಪರೀಕ್ಷೆಗೆ ಬರಲ್ಲ'. ಕೆಳಗೆ ಇನ್ನೊಂದು ಕೈಬರಹದಲ್ಲಿ, ಇಂಕಲ್ಲಿ, 'ಬಂತು, 10 ಮಾರ್ಕ್ಸ್'.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಪುಸ್ತಕ ಚೆನ್ನಾಗಿದ್ಯೋ ಸಿನಿಮಾ ಚೆನ್ನಾಗಿದ್ಯೋ ಅನ್ನೋ ಜಗಳ ಎಲ್ಲಾ ಕಡೆ ನಡೆಯುತ್ತೆ, ನಾನೂ ಆಡಿದೀನಿ ಬೇಕಾದಷ್ಟು, ಆದ್ರೆ ಈಚೀಚೆಗೆ ನನಗೆ ಅನ್ಸೋದು ನಿಜವಾದ ಜಗಳ ಮುಖದ್ದು. ಓದುವಾಗ ನಾವು ಒಂದು ಮುಖ ಕಟ್ಕೊಂಡಿರ್ತೀವಿ, ಪೂರ್ತಿ ಮುಖ ಕೂಡ ಅಲ್ಲ ಅದು, ಮೂಗು ಹೇಗಿತ್ತು ಅಂತ ಕೇಳಿದ್ರೆ ಹೇಳೋಕಾಗಲ್ಲ, ಆದ್ರೆ ಆ ಮನುಷ್ಯ ಗೊತ್ತು ನಮಗೆ. ಸಿನಿಮಾ ಬಂದು ಒಂದು ಖಾಯಂ ಮೂಗು ಇಟ್ಟುಬಿಡುತ್ತೆ. ಅಲ್ಲಿಗೆ ಮುಗೀತು, ಮತ್ತೆ ಎಷ್ಟು ಸಲ ಓದಿದ್ರೂ ಆ ಹಳೇ ಮುಖ ವಾಪಸ್ ಬರಲ್ಲ.

ಸಂಸ್ಕಾರ ಸಿನಿಮಾ ನಾನು ನೋಡಿದ್ದು ಓದಿದ ಮೇಲೆ ಸುಮಾರು ವರ್ಷ ಬಿಟ್ಟು. 1965ರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಮಾಡಿದ ಸಿನಿಮಾ, ಮೊದಲು ಸೆನ್ಸಾರ್‌ನೋರು ಬಿಡುಗಡೆಗೇ ಬಿಡಲಿಲ್ಲ, ಆಮೇಲೆ ನೋಡಿದ್ರೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ. ನನಗೆ ಅದ್ರಲ್ಲಿ ಬಹಳ ಖುಷಿ ಕೊಡೋ ವಿಷಯ ಒಂದಿದೆ, ಕಥೆ ಬರೆದೋರು ಒಬ್ರು ಲೇಖಕರು, ಚಿತ್ರಕಥೆ ಬರೆದು ಆಚಾರ್ಯರಾಗಿ ನಿಂತೋರು ಇನ್ನೊಬ್ರು ಲೇಖಕರು, ನಾರಣಪ್ಪ ಆಗಿ ಸತ್ತು ಇಡೀ ಅಗ್ರಹಾರವನ್ನ ಕಾಡಿದೋರು ಮೂರನೇ ಲೇಖಕರು, ಪಿ. ಲಂಕೇಶ್. ಕನ್ನಡ ಸಾಹಿತ್ಯದ ಅರ್ಧ ಸಿಲಬಸ್ ಒಂದೇ ಫ್ರೇಮಲ್ಲಿ. ಚಂದ್ರಿ ಆಗಿದ್ದು ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದೋರು ಆಸ್ಟ್ರೇಲಿಯಾದ ಟಾಮ್ ಕೋವನ್, ಬಹುಶಃ ಅದಕ್ಕೇ ಇರ್ಬೇಕು ನಮ್ಮ ಮಲೆನಾಡಿನ ಮನೆಗಳು ಅದ್ರಲ್ಲಿ ನಮಗೇ ಹೊಸದಾಗಿ ಕಾಣುತ್ವೆ.

ಸಿನಿಮಾದ ಕಾರ್ನಾಡ್ ನೋಡಿದ ಮೇಲೆ ಸ್ವಾಮಿ ಅಪ್ಪ ಅಂತೂ ಜಾಗ ಬಿಟ್ಟು ಹೋದ್ರು, ಆ ಮಟ್ಟಿಗೆ ನೆಮ್ಮದಿ. ಮಾಲ್ಗುಡಿ ಡೇಸ್‌ಗಿಂತ ಹದಿನಾರು ವರ್ಷ ಹಿಂದಿನ ಕಾರ್ನಾಡ್ ಅವ್ರು, ತೆಳ್ಳಗೆ, ಕಣ್ಣಲ್ಲಿ ಒಂಥರಾ ಹಸಿವು. ಆದ್ರೆ ಒಂದು ವಿಷಯ ಸಿನಿಮಾಗೆ ಆಗಲಿಲ್ಲ, ವಾಸನೆ. ಪುಸ್ತಕದಲ್ಲಿ ಹೆಣ ಕೊಳೆಯೋ ವಾಸನೆ, ಇಲಿ ಸತ್ತು ಬಿದ್ದಿರೋ ವಾಸನೆ ಪುಟದಿಂದ ಪುಟಕ್ಕೆ ಏರ್ತಾ ಹೋಗುತ್ತೆ, ನಾನು ಓದುವಾಗ ಮೂಗು ಮುಚ್ಕೊಂಡಿದ್ದೂ ಉಂಟು ಗೊತ್ತಿಲ್ದಂಗೆ. ಸಿನಿಮಾದಲ್ಲಿ ಹದ್ದುಗಳು ಬಂದು ಕೂರ್ತಾವೆ ಸರಿ, ಭಯ ಆಗುತ್ತೆ, ಆದ್ರೆ ವಾಸನೆ ಇಲ್ಲ. ಇನ್ನು ಕೊನೇ ಭಾಗದಲ್ಲಿ ಆಚಾರ್ಯರು ಮೇಳಿಗೆ ಜಾತ್ರೆಗೆ ಹೋಗ್ತಾರಲ್ಲ, ಜೊತೆಗೆ ಗಂಟುಬೀಳೋ ಆ ವಾಚಾಳಿ ಪುಟ್ಟ, ಅವ್ನು ನನಗೆ ಇವತ್ತಿಗೂ ಪುಸ್ತಕದಲ್ಲಿ ಕಂಡ ಮುಖದಲ್ಲೇ ಇದಾನೆ. ಸಿನಿಮಾ ಅವನನ್ನ ಅಳಿಸೋಕಾಗಲಿಲ್ಲ. ಯಾಕೆ ಅಂತ ಗೊತ್ತಿಲ್ಲ, ಬಹುಶಃ ಅಂಥ ಒಬ್ಬ ಪ್ರತಿ ಬಸ್ಸಲ್ಲೂ ನನ್ನ ಪಕ್ಕದಲ್ಲಿ ಬಂದು ಕೂರ್ತಾನೆ ಅದಕ್ಕಿರ್ಬೇಕು.

ಈ ಮುಖದ ಜಗಳ ನಮ್ಮನೇಲಿ ನನಗಿಂತ ಮುಂಚೆನೇ ಇತ್ತು, ಅಮ್ಮನ ಕಾಲದಲ್ಲೇ. ಅಮ್ಮ ಮದ್ವೆಗೆ ಮುಂಚೆ ತ್ರಿವೇಣಿಯವರ ಕಾದಂಬರಿ ಅಂದ್ರೆ ಪ್ರಾಣ ಬಿಡೋರು. ಅಮ್ಮ ಮತ್ತೆ ದೊಡ್ಡಮ್ಮ ಇಬ್ರೂ ಸೇರಿ ಲೈಬ್ರರಿಯಿಂದ ಶರಪಂಜರ ತಂದ್ರಂತೆ, ಎರಡೇ ದಿನ ಟೈಮು, ಇಬ್ರಿಗೂ ಮೊದಲು ತಾವೇ ಓದ್ಬೇಕು ಅನ್ನೋ ಹಠ, ಜಗಳ ಜಾಸ್ತಿಯಾಗಿ ಕೊನೆಗೆ ದೊಡ್ಡಮ್ಮ ಬ್ಲೇಡ್ ತಗೊಂಡು ಪುಸ್ತಕದ ಹೊಲಿಗೆ ಬಿಚ್ಚಿ ಎರಡು ಭಾಗ ಮಾಡಿಬಿಟ್ರಂತೆ. ಚೀಟಿ ಎತ್ತಿದಾಗ ಅಮ್ಮನಿಗೆ ಮೊದಲ ಅರ್ಧ ಬಂತು, ದೊಡ್ಡಮ್ಮನಿಗೆ ಎರಡನೇ ಅರ್ಧ. ದೊಡ್ಡಮ್ಮ ಕಥೆ ಎಲ್ಲಿಂದ ಶುರುವಾಯ್ತು ಅಂತಾನೇ ಗೊತ್ತಿಲ್ದೆ ಕೊನೆ ಓದಿ ಅತ್ತು ಮುಗಿಸಿದ್ರು, ಅಮ್ಮ ಮೊದಲ ಭಾಗ ಓದಿ, ಕಥೆಯ ನಾಯಕಿ ಕಾವೇರಿ ಎಷ್ಟು ಸುಖವಾಗಿದಾಳೆ, ಅಕ್ಕ ಯಾಕೆ ಅಳ್ತಿದಾಳೆ ಅಂತ ಮುಖ ಮುಖ ನೋಡಿದ್ರು. ಆಮೇಲೆ ದಬ್ಬಳ ದಾರ ಹಾಕಿ ಮತ್ತೆ ಹೊಲಿದು, ಮೈದಾ ಅಂಟು ಹಚ್ಚಿ, ರಾತ್ರಿಯೆಲ್ಲಾ ಒರಳುಕಲ್ಲಿನ ಗುಂಡು ಹೇರಿಟ್ಟು, ಬೆಳಿಗ್ಗೆ ವಾಪಸ್ ಕೊಟ್ಟು ಬಂದ್ರಂತೆ. ಲೈಬ್ರರಿಯೋರಿಗೆ ಗೊತ್ತೇ ಆಗಲಿಲ್ವಂತೆ. ಇದನ್ನ ಅಮ್ಮ ಹೇಳುವಾಗ ಈಗಲೂ ದನಿ ತಗ್ಗಿಸ್ತಾರೆ, ಯಾರೋ ಬಂದು ಫೈನ್ ಕಟ್ಟಿ ಅಂತ ಕೇಳ್ತಾರೇನೋ ಅನ್ನೋ ಥರ.

ಪುಟ್ಟಣ್ಣ ಕಣಗಾಲ್ ಅವ್ರ ಶರಪಂಜರ 1971ರಲ್ಲಿ ಬಂತು, ಕಲ್ಪನಾ ಕಾವೇರಿ. ಇಡೀ ಕರ್ನಾಟಕ ಥಿಯೇಟರಲ್ಲಿ ಕೂತು ಅತ್ತಿದ್ದು ಆ ಸಿನಿಮಾಗೆ. ಅಮ್ಮನೂ ಅತ್ತಿದಾರೆ, ಎರಡು ಸಲ ನೋಡಿ ಎರಡು ಸಲವೂ ಅತ್ತಿದಾರೆ, ಆದ್ರೂ ಇವತ್ತಿಗೂ ಒಪ್ಪಲ್ಲ. 'ನನ್ನ ಕಾವೇರಿ ಅಷ್ಟು ಜೋರಾಗಿ ಮಾತಾಡ್ತಾನೇ ಇರ್ಲಿಲ್ಲ ಕಣೋ' ಅಂತಾರೆ. ಕಲ್ಪನಾ ಚೆನ್ನಾಗಿ ಮಾಡಿಲ್ವಾ ಅಂದ್ರೆ, ಅಯ್ಯೋ ಅವಳ ಥರ ಇನ್ಯಾರು ಮಾಡ್ತಾರೆ ಅಂತಾನೂ ಅವ್ರೇ ಅಂತಾರೆ. ನನ್ನ ಕೇಸು ಉಲ್ಟಾ, ನಾನು ಸಿನಿಮಾ ಮೊದಲು ಟಿವಿಯಲ್ಲಿ ನೋಡಿದೋನು, ಆಮೇಲೆ ಕಾದಂಬರಿ ಓದಿದೋನು, ನನಗೆ ಪ್ರತಿ ಸಾಲೂ ಕಲ್ಪನಾ ದನಿಯಲ್ಲೇ ಕೇಳುತ್ತೆ, ಆ ಮಾತು ಎಳೆಯೋ ರೀತಿ, ಮಧ್ಯದಲ್ಲಿ ನಿಲ್ಲಿಸಿ ತಿರುಗಿ ನೋಡೋ ರೀತಿ, ತ್ರಿವೇಣಿ ಅಲ್ಪವಿರಾಮ ಹಾಕಿದ ಕಡೆಯೆಲ್ಲಾ ಕಲ್ಪನಾ ಉಸಿರು ತಗೊಳ್ತಾರೆ. ಒಂದೇ ಪುಸ್ತಕ, ಅಮ್ಮನ ಕಾವೇರಿಯೇ ಬೇರೆ, ನನ್ನ ಕಾವೇರಿಯೇ ಬೇರೆ.

ಇದ್ರಲ್ಲಿ ನನಗೆ ನಿಜವಾಗ್ಲೂ ಬೇಜಾರಾಗೋದು, ತ್ರಿವೇಣಿಯವರು ಇದ್ಯಾವುದನ್ನೂ ನೋಡಲೇ ಇಲ್ಲ. 1963ರಲ್ಲಿ ಹೋಗಿಬಿಟ್ರು, ಮೂವತ್ತೈದು ವರ್ಷವೂ ತುಂಬಿರಲಿಲ್ಲ. ತ್ರಿವೇಣಿಯವರ ಕಾದಂಬರಿ ತಗೊಂಡು ಪುಟ್ಟಣ್ಣ ಬೆಳ್ಳಿಮೋಡ ಮಾಡಿದ್ದು 1967ರಲ್ಲಿ, ಕನ್ನಡದಲ್ಲಿ ಅದೇ ಪುಟ್ಟಣ್ಣನ ಮೊದಲ ಸಿನಿಮಾ. ಅವ್ರು ಇದ್ದಿದ್ರೆ ಕಲ್ಪನಾನ ನೋಡಿ ಏನಂತಿದ್ರು? ಅಮ್ಮನ ಥರ ಮೂಗು ಮುರೀತಿದ್ರಾ?

ಯಾಕಂದ್ರೆ ಬದುಕಿದ್ದ ಲೇಖಕರು ಮೂಗು ಮುರಿದಿದ್ದೂ ಇದೆ. ನಾಗರಹಾವು ಗೊತ್ತಲ್ಲ, 1972, ತರಾಸು ಅವ್ರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಅನ್ನೋ ಮೂರು ಕಾದಂಬರಿ ಸೇರಿಸಿ ಮೂರು ಗಂಟೆ ಸಿನಿಮಾ ಮಾಡಿದ್ರು ಪುಟ್ಟಣ್ಣ, ಗಂಟೆಗೊಂದು ಕಾದಂಬರಿ ಲೆಕ್ಕ. ಸಿನಿಮಾ ನೋಡಿದ ತರಾಸು, ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅಂದ್ರು ಅಂತ ಒಂದು ಮಾತು ಕನ್ನಡದಲ್ಲಿ ಇವತ್ತಿಗೂ ಓಡಾಡುತ್ತೆ. ಆರ್. ಕೆ. ನಾರಾಯಣ್ ಅವ್ರಂತೂ ತಮ್ಮ ಗೈಡ್ ಕಾದಂಬರಿನ ಸಿನಿಮಾ ಮಾಡಿದ ರೀತಿಗೆ ಸಿಟ್ಟಾಗಿ 'ದಾರಿ ತಪ್ಪಿದ ಗೈಡ್' ಅನ್ನೋ ಅರ್ಥದ ಹೆಸರಿಟ್ಟು ಒಂದು ಲೇಖನಾನೇ ಬರೆದ್ರು. ಇಬ್ರಿಗೂ ಸಿಟ್ಟು ಬರೋಕೆ ಹಕ್ಕಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಓದುಗನಾಗಿ ನನ್ನ ಕಷ್ಟ ಕೇಳಿ. ನನಗೆ ಚಿತ್ರದುರ್ಗದ ಕೋಟೆ ಅಂದ್ರೆ ರಾಮಾಚಾರಿ, ರಾಮಾಚಾರಿ ಅಂದ್ರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಅಂದ್ರೆ ಅಶ್ವಥ್. ಅಶ್ವಥ್ ಅವ್ರ ಆ ನಿಧಾನದ ಮಾತು ಕಿವೀಲಿ ಇಟ್ಕೊಂಡು ಕಾದಂಬರಿ ತೆಗೆದೆ ನಾನು, ಹತ್ತು ಪುಟ ಓದೋ ಅಷ್ಟರಲ್ಲಿ ಒಂದು ವಿಷಯ ಅರ್ಥ ಆಯ್ತು, ನಾನು ಓದ್ತಾ ಇಲ್ಲ, ಸಿನಿಮಾದ ಜೊತೆ ತಾಳೆ ನೋಡ್ತಿದೀನಿ. ಇದು ಅಲ್ಲಿತ್ತು, ಇದು ಅಲ್ಲಿರಲಿಲ್ಲ, ಇಲ್ಲಿ ಹಾಡು ಬರ್ಬೇಕಿತ್ತಲ್ಲ. ತರಾಸು ಬರೆದ ರಾಮಾಚಾರಿಗೆ ನನ್ನಿಂದ ನ್ಯಾಯ ಸಿಗಲೇ ಇಲ್ಲ, ಅದಕ್ಕೆ ಪುಟ್ಟಣ್ಣ ಕಾರಣ ಅಲ್ಲ, ನಾನು ತಡವಾಗಿ ಬಂದೆ.

ಅದೇ ತರಾಸು ಅವ್ರ ಹಂಸಗೀತೆ ವಿಷಯದಲ್ಲಿ ಹಾಗಾಗಲಿಲ್ಲ. ಅದು ಸಂಗೀತಗಾರನ ಕಥೆ, ಪುಸ್ತಕದಲ್ಲಿ ಭೈರವಿ ವೆಂಕಟಸುಬ್ಬಯ್ಯ ಹಾಡಿದ್ರು ಅಂತ ಎಷ್ಟೇ ಬರೆದ್ರೂ ರಾಗ ಗೊತ್ತಿಲ್ಲದ ನನ್ನಂಥೋನಿಗೆ ಅದು ಮೂಕ ಹಾಡೇ. ಜಿ. ವಿ. ಅಯ್ಯರ್ 1975ರಲ್ಲಿ ಸಿನಿಮಾ ಮಾಡಿದಾಗ ಬಾಲಮುರಳಿಕೃಷ್ಣ ಅದಕ್ಕೆ ದನಿ ಕೊಟ್ರು, ಆ ಹಾಡಿಕೆಗೆ ಅವ್ರಿಗೆ ರಾಷ್ಟ್ರಪ್ರಶಸ್ತಿನೂ ಬಂತು. ಸಿನಿಮಾ ನೋಡಿದ ಮೇಲೆ ಮತ್ತೆ ಕಾದಂಬರಿ ಓದಿದೆ, ಈ ಸಲ ಪುಟಗಳು ಹಾಡಿದ್ವು. ಚೋಮನ ದುಡಿಯದ್ದೂ ಅದೇ ಕಥೆ. ಶಿವರಾಮ ಕಾರಂತರು ಅದನ್ನ ಬರೆದಿದ್ದು 1933ರಲ್ಲಿ, ನಾನು ಹೈಸ್ಕೂಲಲ್ಲಿ ಓದಿದಾಗ ದುಡಿ ಅಂದ್ರೆ ಏನೋ ಒಂದು ತಮಟೆ ಥರ ಇರ್ಬೇಕು ಅನ್ಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಬಿ. ವಿ. ಕಾರಂತರ ಸಿನಿಮಾದಲ್ಲಿ ವಾಸುದೇವ ರಾವ್ ಆ ಒಣಕಲು ಮೈಯಲ್ಲಿ ದುಡಿ ಬಾರಿಸ್ತಾರಲ್ಲ, ತನ್ನದೇ ಒಂದು ತುಂಡು ಗದ್ದೆ ಉಳಬೇಕು ಅನ್ನೋ ಆಸೆ ಒಂದೊಂದಾಗಿ ಕೈ ತಪ್ತಾ ಹೋದಾಗೆಲ್ಲಾ ಅವ್ನು ಹೋಗಿ ದುಡಿಗೆ ಹೇಳ್ಕೊಳ್ತಾನೆ, ಮನುಷ್ಯರಿಗೆ ಹೇಳಲ್ಲ. ಆ ಶಬ್ದ ಕೇಳಿದ ಮೇಲೇ ನನಗೆ ಪುಸ್ತಕದ ಹೆಸರು ಯಾಕೆ 'ಚೋಮ' ಅಂತಿಲ್ಲ 'ಚೋಮನ ದುಡಿ' ಅಂತಿದೆ ಅಂತ ಹೊಳೆದಿದ್ದು, ಅಷ್ಟು ದಡ್ಡ ನಾನು.

ಅಂದ್ರೆ ಮುಖ ಕಿತ್ಕೊಳ್ಳೋ ಸಿನಿಮಾ ಕಿವಿ ಕೊಟ್ಟೂ ಹೋಗುತ್ತೆ. ಇರಲಿ.

ಒಂದೇ ಮುಖ ಎರಡು ಪುಸ್ತಕಕ್ಕೆ ಅಂಟ್ಕೊಂಡ್ರೆ ಏನಾಗುತ್ತೆ ಅಂತ ನನಗೆ ತೋರಿಸಿದೋರು ಎಲ್. ವಿ. ಶಾರದಾ. ಭೈರಪ್ಪನವರ ವಂಶವೃಕ್ಷದಲ್ಲಿ ಅವ್ರು ಕಾತ್ಯಾಯಿನಿ, ಬಿ. ವಿ. ಕಾರಂತ್ ಮತ್ತೆ ಕಾರ್ನಾಡ್ ಸೇರಿ ನಿರ್ದೇಶನ ಮಾಡಿದ ಸಿನಿಮಾ, ವಿಷ್ಣುವರ್ಧನ್ ಇನ್ನೂ ವಿಷ್ಣುವರ್ಧನ್ ಆಗೋಕೆ ಮುಂಚೆ ಅದ್ರಲ್ಲಿ ಚಿಕ್ಕ ಪಾತ್ರ ಮಾಡಿದಾರೆ. ಕಾತ್ಯಾಯಿನಿ ಸಣ್ಣ ವಯಸ್ಸಿಗೆ ಗಂಡನ್ನ ಕಳ್ಕೊಂಡೋಳು, ಓದ್ತಾಳೆ, ಇನ್ನೊಬ್ಬನನ್ನ ಮದ್ವೆ ಆಗ್ತಾಳೆ, ಅದಕ್ಕಾಗಿ ಮಗನ್ನ ಬಿಟ್ಟು ಹೋಗ್ತಾಳೆ, ಆಮೇಲೆ ಒಳಗೊಳಗೇ ಸುಟ್ಟು ಹೋಗ್ತಾಳೆ. ಅದಾಗಿ ಸುಮಾರು ಹತ್ತು ವರ್ಷಕ್ಕೆ ಅದೇ ಶಾರದಾ ಎಂ. ಕೆ. ಇಂದಿರಾ ಅವ್ರ ಫಣಿಯಮ್ಮ ಆದ್ರು, ಪ್ರೇಮಾ ಕಾರಂತರ ಸಿನಿಮಾದಲ್ಲಿ. ಫಣಿಯಮ್ಮ ಕೂಡ ವಿಧವೆ, ಗಂಡ ಅಂದ್ರೆ ಏನು ಅಂತ ಗೊತ್ತಾಗೋಕೆ ಮುಂಚೆ ವಿಧವೆ, ತಲೆ ಬೋಳಿಸ್ಕೊಂಡು ನೂರು ದಾಟಿ ಬದುಕಿದ ಹೆಂಗಸು, ಇಂದಿರಾ ಅವ್ರ ಸಂಬಂಧದಲ್ಲೇ ನಿಜವಾಗಿ ಇದ್ದೋರು.

ನಾನು ಇವೆರಡನ್ನೂ ಒಂದೇ ವಾರದಲ್ಲಿ ನೋಡಿದೆ, ಬೇಕಂತ ಅಲ್ಲ, ಹಾಗೇ ಆಯ್ತು. ಎರಡನೇ ಸಿನಿಮಾದಲ್ಲಿ ಫಣಿಯಮ್ಮ ಕೆಂಪು ಸೀರೆ ತಲೆ ಮೇಲೆ ಎಳ್ಕೊಂಡು ಕೂತಿರುವಾಗ ನನಗೆ ಕಾತ್ಯಾಯಿನಿನೇ ಕಾಣ್ತಿದ್ಲು, ಮದ್ವೆ ಆಗದೆ ಉಳಿದಿದ್ರೆ ಇವಳು ಹೀಗೆ ಇರ್ತಿದ್ಲು ಅನ್ನೋ ಥರ. ಒಂದು ಕಥೆ ಗಂಡಸು ಬರೆದಿದ್ದು, ಒಂದು ಹೆಂಗಸು ಬರೆದಿದ್ದು, ಅದನ್ನ ಹೇಳದೆ ಇರೋಕಾಗಲ್ಲ. ಭೈರಪ್ಪನವರು ಕಾತ್ಯಾಯಿನಿಗೆ ಕೊಟ್ಟ ಶಿಕ್ಷೆ ನನಗೆ ಮೊದಲ ಓದಿಗೆ ಎಷ್ಟು ದೊಡ್ಡದಾಗಿ ಕಂಡಿತ್ತೋ ಫಣಿಯಮ್ಮ ಓದಿದ ಮೇಲೆ ಅಷ್ಟೇ ಅನುಮಾನ ಬಂತು, ಇಷ್ಟು ಶಿಕ್ಷೆ ಯಾಕೆ ಸ್ವಾಮಿ ಅಂತ. ಇಂದಿರಾ ಅವ್ರು ಯಾರ ಮೇಲೂ ಕೂಗಾಡಲ್ಲ. ಫಣಿಯಮ್ಮ ಬದುಕಿಡೀ ಮಡಿ ಮಾಡ್ತಾಳೆ, ಅದೇ ಫಣಿಯಮ್ಮ ಹೆರಿಗೆ ಕಷ್ಟ ಆಗಿರೋ ಹೊಲೆಯರ ಹೆಣ್ಮಗಳ ಹತ್ರ ಯಾರಿಗೂ ಹೇಳದೆ ಹೋಗಿ ಮಗು ಹೊರಗೆ ತಂದು ಬರ್ತಾಳೆ, ಬಂದು ಸ್ನಾನ ಮಾಡಿ ಸುಮ್ಮನೆ ಇರ್ತಾಳೆ. ಆ 'ಸುಮ್ಮನೆ' ಇದ್ಯಲ್ಲ, ಅದನ್ನ ಶಾರದಾ ಮುಖದಲ್ಲಿ ನೋಡಿದಾಗ ನನಗೆ ಪುಸ್ತಕದ್ದೇ ಮುಖ ಅನ್ನಿಸ್ತು. ಇಂಥ ಅದೃಷ್ಟ ಯಾವಾಗಲೋ ಒಂದ್ಸಲ. ಇಂದಿರಾ ಅವ್ರು ಬರೆಯೋಕೆ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ ಅಂತ ಓದಿದಾಗಿಂದ ನನಗೆ ಅವ್ರ ಮೇಲೆ ಇನ್ನೂ ಒಂದು ಕೈ ಗೌರವ ಜಾಸ್ತಿ, ಸ್ವಾರ್ಥದ ಗೌರವ ಅನ್ಕೊಳ್ಳಿ, ನಂಗೂ ವಯಸ್ಸಾಗ್ತಿದೆ.

ಇಷ್ಟೆಲ್ಲಾ ನೋಡಿ ನಾನೊಂದು ತೀರ್ಮಾನಕ್ಕೆ ಬಂದಿದೀನಿ, ಒಪ್ಪದಿದ್ರೆ ಬಯ್ಯಿರಿ. ದಪ್ಪ ಕಾದಂಬರಿನ ಸಿನಿಮಾ ಮಾಡ್ಬಾರ್ದು, ಸಣ್ಣ ಕಥೆನ ಮಾಡ್ಬೇಕು. ಕಾದಂಬರಿ ಅಂದ್ರೆ ಸಂಸಾರ ಸಮೇತ ಮನೆ ಖಾಲಿ ಮಾಡಿದ ಹಾಗೆ, ಏನು ಬಿಡೋದು ಏನು ಒಯ್ಯೋದು ಅನ್ನೋದ್ರಲ್ಲೇ ಜೀವ ಹೋಗುತ್ತೆ. ಸಣ್ಣ ಕಥೆಯಲ್ಲಿ ಜಾಗ ಇರುತ್ತೆ. ತೇಜಸ್ವಿಯವರ ತಬರನ ಕಥೆ ಓದೋಕೆ ಅರ್ಧ ಗಂಟೆ ಸಾಕು. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯೋ ತಬರ, ಮನೆಯಲ್ಲಿ ಕಾಲು ಕೊಳೀತಿರೋ ಹೆಂಡ್ತಿ, ಆಪರೇಷನ್ನಿಗೆ ದುಡ್ಡಿಲ್ಲ. ಗಿರೀಶ್ ಕಾಸರವಳ್ಳಿ ಅದನ್ನ ಸಿನಿಮಾ ಮಾಡಿದ್ರು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡೋ 1986ರ ಸ್ವರ್ಣಕಮಲ ಅದಕ್ಕೇ ಬಂದಿದ್ದು, ತಬರ ಆದ ಚಾರುಹಾಸನ್‌ಗೂ ರಾಷ್ಟ್ರಪ್ರಶಸ್ತಿ. ತಬರ ಕಟುಕನ ಹತ್ರ ಹೋಗಿ ನನ್ನ ಹೆಂಡ್ತಿ ಕಾಲು ಕಡಿದು ಕೊಡು ಅಂತ ಕೇಳ್ಕೊಳ್ತಾನಲ್ಲ, ಅದನ್ನ ಓದಿದಾಗ ನಾನು ಮುಂದಿನ ಸಾಲಿಗೆ ಜಾರಿಬಿಟ್ಟಿದ್ದೆ, ಓದುಗನಿಗೆ ಆ ಸೌಲಭ್ಯ ಇರುತ್ತೆ, ಕಣ್ಣು ಓಡಿಸಿಬಿಡ್ಬಹುದು. ಸಿನಿಮಾದಲ್ಲಿ ಓಡೋಕೆ ಬಿಡಲಿಲ್ಲ. ಅವ್ನು ನಿಂತಷ್ಟು ಹೊತ್ತು ನಾವೂ ನಿಲ್ಲಬೇಕು. ನನ್ನ ಅಜ್ಜನ ಪಿಂಚಣಿ ಫೈಲು ಒಂದು ಕಚೇರಿಯಲ್ಲಿ ಮೂರು ವರ್ಷ ಕೂತಿತ್ತು, ಅಪ್ಪ ಹೋಗಿ ಬಂದು ಚಪ್ಪಲಿ ಸವೆಸಿದ್ದು ನೋಡಿದೀನಿ, ಅದಕ್ಕೇ ಇರ್ಬೇಕು ಆ ಸಿನಿಮಾನ ಎರಡನೇ ಸಲ ನೋಡೋ ಧೈರ್ಯ ಮಾಡಿಲ್ಲ.

ಕಾಸರವಳ್ಳಿಯವರ ಘಟಶ್ರಾದ್ಧವೂ ಅನಂತಮೂರ್ತಿಯವರ ಕಥೆಯೇ, ವೇದ ಪಾಠಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿ, ಅವನಿಗೆ ಆಸರೆಯಾಗೋ ಯಮುನಕ್ಕ. ಹುಡುಗನಿಗೆ ಅರ್ಥ ಆಗದ್ದು ನಮಗೆ ಅರ್ಥ ಆಗ್ತಾ ಹೋಗುತ್ತಲ್ಲ, ಕಥೆಯಲ್ಲಿ ಅದು ಭಾಷೆಯಿಂದ ಆಗುತ್ತೆ, ಸಿನಿಮಾದಲ್ಲಿ ಆ ಹುಡುಗನ ಕಣ್ಣಿಂದ. 1977ರ ಕಪ್ಪು ಬಿಳುಪು ಸಿನಿಮಾ, ಅದನ್ನ ಈಗ ರಿಪೇರಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು, ಸುದ್ದಿ ಓದಿ ನಾನು ಯಾರಿಗೋ ಮನೆಯೋರಿಗೆ ಪ್ರೈಜ್ ಬಂದ ಹಾಗೆ ಖುಷಿ ಪಟ್ಟೆ. ಇನ್ನು ಗುಲಾಬಿ ಟಾಕೀಸು. ವೈದೇಹಿಯವರ ಕಥೆಯಲ್ಲಿ ಊರಿಗೆ ಬರೋದು ನಿಜವಾದ ಟಾಕೀಸು, ಕಾಸರವಳ್ಳಿ ಸಿನಿಮಾದಲ್ಲಿ ಟಾಕೀಸು ಅಂದ್ರೆ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬರೋ ಕಲರ್ ಟಿವಿ ಮತ್ತೆ ಡಿಶ್ಶು, ಕಾಲವೂ ಬೇರೆ, ಊರಿನ ಗಾಳಿಯೂ ಬೇರೆ. ಕಥೆಗೆ ನಿಷ್ಠೆ ಇಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಜಗಳಕ್ಕೇ ನಿಲ್ತೀನಿ. ಬೆಳಕಿನ ಪರದೆ ಮುಂದೆ ಹೆಂಗಸರು ಒಟ್ಟಿಗೆ ಕೂರ್ತಾರಲ್ಲ, ಕಥೆಯ ಜೀವ ಅಲ್ಲಿತ್ತು, ಅದು ಎರಡ್ರಲ್ಲೂ ಇದೆ. ಉಮಾಶ್ರೀ ಅದ್ರಲ್ಲಿ ಟಿವಿ ನೋಡೋ ಮುಖ ಇದ್ಯಲ್ಲ, ಅದನ್ನ ನೋಡೋಕಾದ್ರೂ ಸಿನಿಮಾ ನೋಡಿ.

ದಪ್ಪ ಕಾದಂಬರಿಗೆ ಕುವೆಂಪು ಅವ್ರ ಮಲೆಗಳಲ್ಲಿ ಮದುಮಗಳು ಮಾಡಿದ ದಾರಿಯೇ ಸರಿ ಅನ್ಸುತ್ತೆ, ಒಂಬತ್ತು ಗಂಟೆ ನಾಟಕ, ಸಿ. ಬಸವಲಿಂಗಯ್ಯ ನಿರ್ದೇಶನ, ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಾವೇ ಎದ್ದು ಹೋಗ್ಬೇಕು. ನಾನು ಕಂಬಳಿ ಹೊದ್ಕೊಂಡು ನೋಡಿದೀನಿ, ಮಧ್ಯದಲ್ಲಿ ಒಂದು ಅರ್ಧ ಗಂಟೆ ನಿದ್ದೆ ಹೋಗಿದ್ದೂ ನಿಜ, ಆದ್ರೆ ಕಾದಂಬರಿ ಓದುವಾಗಲೂ ಹಾಗೇ ಮಾಡಿದ್ದೆ. ಎದ್ದಾಗ ಕಥೆಯ ಗುತ್ತಿ ಇನ್ನೂ ನಡೀತಾನೇ ಇದ್ದ. ಭೈರಪ್ಪನವರ ಗೃಹಭಂಗಕ್ಕೂ ಸೀರಿಯಲ್ಲೇ ಸರಿಹೋಯ್ತು, ದಿನಾ ಸಂಜೆ ನಂಜಮ್ಮನ ಕಷ್ಟ ಇಷ್ಟಿಷ್ಟೇ ಕುಡಿದ್ವಿ, ಒಂದೇ ಸಲ ಕುಡಿದಿದ್ರೆ ಸತ್ತೇ ಹೋಗ್ತಿದ್ವಿ.

ಈ ಮುಖದ ವಿಷಯದಲ್ಲಿ ನನ್ನ ಮೆಚ್ಚಿನ ಸಿನಿಮಾ ಯಾವುದು ಗೊತ್ತಾ, ಸಾಹಿತ್ಯದ ಗಂಭೀರ ಜನ ನಕ್ಕರೂ ಪರವಾಗಿಲ್ಲ, ಬೆಳದಿಂಗಳ ಬಾಲೆ. ಯಂಡಮೂರಿಯವರ ತೆಲುಗು ಕಾದಂಬರಿ, ಸುನೀಲ್ ಕುಮಾರ್ ದೇಸಾಯಿ 1995ರಲ್ಲಿ ಮಾಡಿದ್ದು. ಅನಂತ್ ನಾಗ್ ಚೆಸ್ ಆಟಗಾರ ರೇವಂತ್, ಅವನಿಗ್ಯಾರೋ ಹುಡುಗಿ ಫೋನ್ ಮಾಡ್ತಾಳೆ, ನಾನ್ಯಾರು ಕಂಡುಹಿಡಿ ಅಂತ ಸವಾಲು ಹಾಕ್ತಾಳೆ, ಅವ್ನು ಹುಡುಕ್ತಾನೆ. ನಮಗೂ ಸಿಗೋದು ದನಿ ಮಾತ್ರ, ಮುಖ ಇಲ್ಲ. ಅಂದ್ರೆ ದೇಸಾಯಿಯವರು ಸಿನಿಮಾ ನೋಡೋರನ್ನ ಪುಸ್ತಕ ಓದೋರನ್ನಾಗಿ ಮಾಡಿಬಿಟ್ರು, ದನಿ ಕೊಟ್ಟಿದೀನಿ ಮುಖ ನೀವೇ ಕಟ್ಕೊಳ್ಳಿ ಅಂತ. ನಾವು ಮೂರು ಜನ ಫ್ರೆಂಡ್ಸು ಒಟ್ಟಿಗೆ ಸಿಡಿ ಹಾಕಿ ನೋಡಿದ್ದು, ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ಒಬ್ಬ ಮೆಲ್ಲಗೆ 'ನಂಗೆ ಅವಳು ಬೇರೆ ಥರ ಇದ್ಲು' ಅಂದ. ಯಾರ ಥರ ಇದ್ಲು ಅಂತ ನಾವು ಕೇಳಲಿಲ್ಲ, ಅವನ ಕ್ಲಾಸಿನ ಒಬ್ಬಳ ಥರ ಅಂತ ಗೊತ್ತಿತ್ತು.

ಈಗ ನನ್ನ ಭಯಕ್ಕೆ ಬರ್ತೀನಿ. ಕರ್ವಾಲೊ. 1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿನ ನಾನು ಹತ್ತು ಹನ್ನೆರಡು ಸಲ ಓದಿದೀನಿ, ಜ್ವರ ಬಂದಾಗ ಓದ್ತೀನಿ, ಬಸ್ಸಲ್ಲಿ ಓದ್ತೀನಿ, ಏನೂ ಓದೋಕೆ ಮನಸ್ಸಿಲ್ದಾಗ ಓದ್ತೀನಿ. ಮೂಡಿಗೆರೆಯ ಜೇನು ಸೊಸೈಟಿ, ಮಂದಣ್ಣ, ಪ್ಯಾರ, ಎಂಗ್ಟ, ಕರಿಯಪ್ಪ, ಕಿವಿ ಅನ್ನೋ ನಾಯಿ. ಎಲ್ರೂ ನನಗೆ ಗೊತ್ತು. ತೇಜಸ್ವಿ ಕಥೆಗಳು ಮೇಲಿಂದ ಮೇಲೆ ಸಿನಿಮಾ ಆಗ್ತಿವೆ, ಕಿರಗೂರಿನ ಗಯ್ಯಾಳಿಗಳು 2016ರಲ್ಲಿ ಬಂತು, 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ ಬಂತು, ಅದಕ್ಕಂತೂ ತೇಜಸ್ವಿ ಓದುಗರೇ ಸುಮಾರು ನೂರು ಜನ ಸೇರಿ ದುಡ್ಡು ಹಾಕಿದ್ದು, ಜುಗಾರಿ ಕ್ರಾಸ್ ಆಗುತ್ತೆ ಅಂತ ಎಷ್ಟೋ ಸಲ ಸುದ್ದಿ. ಮುಸ್ತಾಫಾ ನೋಡಿ ನಾನು ಥಿಯೇಟರಲ್ಲಿ ಶಿಳ್ಳೆ ಹೊಡೆದೋನೇ. ಆದ್ರೆ ಕರ್ವಾಲೊ ಮಾತ್ರ ಬೇಡ ಅಂತ ಕೈ ಮುಗೀತೀನಿ. ಅವ್ರೆಲ್ಲಾ ಹುಡುಕ್ಕೊಂಡು ಹೋಗೋ ಆ ಹಾರುವ ಓತಿ ಕೊನೆಯಲ್ಲಿ ಕಣಿವೆಗೆ ಹಾರಿ ಹೋಗುತ್ತಲ್ಲ, ಅಷ್ಟು ದೂರ ನಡೆದು ಹೋದೋರ ಕೈಗೆ ಸಿಗದೆ, ಅದನ್ನ ಕಂಪ್ಯೂಟರಲ್ಲಿ ಮಾಡಿ ಬಣ್ಣ ಬಳಿದು ಕಣ್ಣು ಮಿಟುಕಿಸೋ ಥರ ಮಾಡಿ ಪರದೆ ತುಂಬಾ ತೋರಿಸಿಬಿಟ್ರೆ? ಅದು ಸಿಕ್ಕಿಬಿಟ್ಟ ಹಾಗೇ ಆಯ್ತಲ್ಲ.

ಅಕ್ಕನ ಮಗಳು ಏಳನೇ ಕ್ಲಾಸು. ಮುಸ್ತಾಫಾ ಸಿನಿಮಾನ ಮೊಬೈಲಲ್ಲಿ ನೋಡಿ, ಬರೆದೋರು ಇನ್ನೇನು ಬರೆದಿದಾರೆ ಅಂತ ಅವಳೇ ಕೇಳಿದ್ಲು, ನಾನು ಹೆಚ್ಚು ಮಾತಾಡದೆ ಕರ್ವಾಲೊ ಕೈಗೆ ಕೊಟ್ಟೆ, ನನ್ನ ಹಳೇ ಪ್ರತಿ, ಮೂರು ಕಡೆ ಸೆಲ್ಲೋಟೇಪು. ಎರಡು ವಾರ ಸುದ್ದಿನೇ ಇಲ್ಲ. ಹೋದ ಭಾನುವಾರ ಫೋನ್ ಮಾಡಿ, 'ಮಾಮ, ಮಂದಣ್ಣ ನೋಡೋಕೆ ಹೇಗಿದ್ದ?' ಅಂದ್ಲು.

ನನ್ನ ನಾಲಿಗೆ ತುದಿಗೆ ಬಂದಿತ್ತು. ನನ್ನ ಮಂದಣ್ಣ ಹೇಗಿದಾನೆ ಅಂತ ಕಿವಿ ಸಮೇತ ಹೇಳಬಲ್ಲೆ ನಾನು. ತಡ್ಕೊಂಡು, 'ನಂಗೊತ್ತಿಲ್ಲ, ನಿಂಗೆ ಹೇಗ್ ಕಂಡ?' ಅಂದೆ.

ಅವಳು ಒಂದು ಕ್ಷಣವೂ ಯೋಚ್ನೆ ಮಾಡಲಿಲ್ಲ. 'ನಮ್ ಸ್ಕೂಲ್ ವ್ಯಾನ್ ಡ್ರೈವರ್ ಅಂಕಲ್ ಇದಾರಲ್ಲ, ಡಿಟ್ಟೋ ಅವ್ರೇ. ಆದ್ರೆ ಹಲ್ಲು ಸ್ವಲ್ಪ ಮುಂದೆ.'

ಹಲ್ಲು ಮುಂದೆ ಅಂತ ತೇಜಸ್ವಿ ಎಲ್ಲಾದ್ರೂ ಬರೆದಿದಾರಾ ಅಂತ ರಾತ್ರಿ ಹುಡುಕೋಣ ಅನ್ಕೊಂಡೆ, ಆಮೇಲೆ ನೆನಪಾಯ್ತು, ಪುಸ್ತಕ ಅವಳ ಹತ್ರ ಇದೆ.